ರೆಕ್ಕೆ ಬಡಿಯದೆ ಹಾರುವವರು

ಈದ್‌ನ ಚಂದ್ರ ನೋಡುವ ಸಂಜೆಯನ್ನು ಬಿಟ್ಟರೆ ನೀವು ತಲೆಯೆತ್ತಿ ಆಕಾಶ ನೋಡುವುದು ಯಾವಾಗ? ನಾನಂತೂ ನಲವತ್ತು ದಾಟುವವರೆಗೆ ಎರಡೇ ಕಾರಣಕ್ಕೆ ನೋಡಿದವಳು. ಒಂದು ಈ ಚಂದ್ರ. ಇನ್ನೊಂದು, ತಾರಸಿಯ ಮೇಲೆ ಹರವಿದ ಬಟ್ಟೆ ನೆನೆದೀತೇ ಎಂಬ ಚಿಂತೆ. ಚಾಮರಾಜಪೇಟೆಯ ನಮ್ಮ ಗಲ್ಲಿಯಲ್ಲಿ ಆಕಾಶವೆಂದರೆ ಎರಡು ಮನೆಗಳ ನಡುವಿನ ಒಂದು ಪಟ್ಟಿ. ಅದರಲ್ಲಿ ವಿದ್ಯುತ್ ತಂತಿಗಳು, ಕೇಬಲ್ ತಂತಿಗಳು, ಅವುಗಳಿಗೆ ಸಿಕ್ಕಿಕೊಂಡ ಹರಿದ ಗಾಳಿಪಟಗಳು. ಅದಕ್ಕೂ ಮೇಲೆ ಹದ್ದುಗಳು ಸದಾ ಇದ್ದವು. ಆದರೆ ಕಾಗೆ, ಪಾರಿವಾಳಗಳನ್ನು ನಾವು ಹೇಗೆ ನೋಡಿಯೂ ನೋಡುವುದಿಲ್ಲವೋ ಹಾಗೆಯೇ ನಾನು ಅವುಗಳನ್ನೂ ನೋಡಿರಲಿಲ್ಲ.

ನನ್ನ ಕಣ್ಣು ಮೇಲೆತ್ತಿಸಿದ್ದು ಒಂದು ತಪ್ಪು. ಅದು ನನ್ನದೇ ತಪ್ಪು. ಮೊದಲು ಅದನ್ನು ಹೇಳಿಬಿಡುತ್ತೇನೆ.

ಆಷಾಢದ ಗಾಳಿ ಎದ್ದಾಗ ಬೆಂಗಳೂರಿನ ಹಳೆಯ ಬಡಾವಣೆಗಳ ಮಕ್ಕಳಿಗೆ ಗಾಳಿಪಟದ ಹುಚ್ಚು ಹಿಡಿಯುತ್ತದೆ. ನನ್ನ ತಮ್ಮನ ಮಗನಿಗೆ ಹನ್ನೊಂದು ವರ್ಷ. ಅವನ ಗಾಳಿಪಟವನ್ನು ಪಕ್ಕದ ಬೀದಿಯ ಹುಡುಗರು ದಿನವೂ ಕತ್ತರಿಸಿ ಹಾಕುತ್ತಿದ್ದರು. ಒಂದು ದಿನ ಅಳುತ್ತಾ ಬಂದು, "ಫುಪ್ಪು, ಒಳ್ಳೆ ಮಾಂಜಾ ಇದ್ದರೆ ನನ್ನದು ಕಟ್ ಆಗಲ್ಲ" ಎಂದ. ಅವನ ಅಬ್ಬಾ ಬೈದು ಕಳಿಸಿದ್ದರು. ನಾನು ಪರ್ಸಿನಿಂದ ನೂರು ರೂಪಾಯಿ ತೆಗೆದುಕೊಟ್ಟೆ. ಯಾವ ದಾರ, ಯಾವುದರಿಂದ ಮಾಡಿದ್ದು ಎಂದು ಕೇಳಲಿಲ್ಲ. ಅವನು ತಂದದ್ದು ಮೀನಿನ ಗಾಳದ ದಾರದಂತೆ ಹೊಳೆಯುವ ನೈಲಾನ್ ಮಾಂಜಾ. 2017ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶದಾದ್ಯಂತ ನಿಷೇಧಿಸಿದ ದಾರ ಅದು. ಆ ಸಂಗತಿ ಆಗ ನನಗೆ ಗೊತ್ತಿರಲಿಲ್ಲ.

ನಾಲ್ಕನೆಯ ದಿನ ಅಸರ್ ನಮಾಝ್ ಮುಗಿಸಿ ಬಟ್ಟೆ ತೆಗೆಯಲು ಮೇಲೆ ಹೋದರೆ ನೀರಿನ ಟ್ಯಾಂಕಿನ ಹಿಂದೆ ಒಂದು ಹದ್ದು ಬಿದ್ದಿತ್ತು. ಎಡರೆಕ್ಕೆಯ ಬುಡಕ್ಕೆ ದಾರ ಸುತ್ತಿಕೊಂಡು ಮಾಂಸದೊಳಗೆ ಇಳಿದಿತ್ತು. ಅದು ಕೂಗಲಿಲ್ಲ, ಒದ್ದಾಡಲೂ ಇಲ್ಲ. ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು. ನನ್ನ ಹಿಂದೆಯೇ ಬಂದಿದ್ದ ಹುಡುಗ ದಾರದ ಬಣ್ಣ ನೋಡಿ ಅಲ್ಲೇ ಕುಳಿತುಬಿಟ್ಟ.

ಬೆಕ್ಕನ್ನು ಕಟ್ಟಿಹಾಕಿ ಅನ್ನ ನೀರು ಕೊಡದೆ ಕೊಂದ ಹೆಂಗಸಿನ ಹದೀಸನ್ನು ಪ್ರತಿ ವರ್ಷ ಮಕ್ಕಳಿಗೆ ಕಲಿಸುವವಳು ನಾನು. ಅದೇ ಕೈ ಆ ನೂರು ರೂಪಾಯಿ ಕೊಟ್ಟಿತ್ತು.

ಇಂಥ ಸಂದರ್ಭ ನಿಮಗೂ ಬಂದೀತು, ಆದ್ದರಿಂದ ಅಂದು ನಾವು ಕಲಿತದ್ದನ್ನು ಇಲ್ಲೇ ಬರೆಯುತ್ತೇನೆ. ದಾರವನ್ನು ಎಳೆಯಬೇಡಿ, ಎಳೆದರೆ ಗಾಯ ಇನ್ನೂ ಆಳವಾಗುತ್ತದೆ. ಹಕ್ಕಿಯ ತಲೆಯೂ ಮುಚ್ಚುವಂತೆ ಹಳೆಯ ದುಪಟ್ಟಾ ಅಥವಾ ಟವೆಲ್ ಹಾಕಿ, ಕತ್ತಲಾದರೆ ಅದು ಸುಮ್ಮನಾಗುತ್ತದೆ. ಉಗುರಿನ ಬಗ್ಗೆ ಎಚ್ಚರವಿರಲಿ, ಹದ್ದಿನ ಬಲವೆಲ್ಲ ಕಾಲಲ್ಲಿದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಉದ್ದ ದಾರವನ್ನು ಪೆಟ್ಟಿಗೆಯ ಹೊರಗೆ ಕತ್ತರಿಸಿ. ಬಾಯಿಗೆ ನೀರು, ಹಾಲು ಏನನ್ನೂ ಹೊಯ್ಯಬೇಡಿ. ಕೂಡಲೇ ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಿ. ಮನೆಯಲ್ಲಿ ಸಾಕುತ್ತೇವೆಂದು ಹೊರಡಬೇಡಿ, ಅದು ಕಾನೂನಿಗೂ ವಿರುದ್ಧ. ನಾವು ಆಟೋದಲ್ಲಿ ಪೆಟ್ಟಿಗೆ ಹಿಡಿದು ಹೋದೆವು. ಅಲ್ಲಿನ ವೈದ್ಯರು ನೋಡಿ, "ಮೂಳೆ ಮುರಿದಿಲ್ಲ, ಆದರೆ ಸ್ನಾಯು ಕತ್ತರಿಸಿದೆ. ಬದುಕಬಹುದು. ಹಾರುತ್ತದೋ ಇಲ್ಲವೋ ಈಗಲೇ ಹೇಳಲಾರೆ" ಎಂದರು.

ಮರಳಿ ಬರುವಾಗ ಆಟೋದಲ್ಲಿ ಹುಡುಗ ಕೇಳಿದ: "ಫುಪ್ಪು, ಹದ್ದು ರೆಕ್ಕೆ ಬಡಿಯುವುದೇ ಇಲ್ಲವಲ್ಲ, ಸುಮ್ಮನೆ ಸುತ್ತುತ್ತಾ ಮೇಲೆ ಹೋಗುತ್ತದೆ. ಒಂದು ರೆಕ್ಕೆ ಸರಿಯಿಲ್ಲದಿದ್ದರೆ ಹಾಗೆ ಆಗುವುದಿಲ್ಲವಾ?" ನನ್ನ ಬಿ.ಎ. ಪದವಿ ಇತಿಹಾಸ ಮತ್ತು ಕನ್ನಡದ್ದು. ಉತ್ತರ ಗೊತ್ತಿರಲಿಲ್ಲ.

ಆದರೆ ಅವನ ಪ್ರಶ್ನೆ ನನ್ನನ್ನು ಮದ್ರಸದ ದಿನಗಳಿಗೆ ಕರೆದೊಯ್ದಿತು. ಸೂರಃ ಅಲ್‌ಮುಲ್ಕ್‌ನಲ್ಲಿ ತಲೆಯ ಮೇಲೆ ಹಾರುವ ಹಕ್ಕಿಗಳನ್ನು ನೋಡುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆಯಲ್ಲ, ಅಲ್ಲಿ ರೆಕ್ಕೆ ಹರಡುವುದಕ್ಕೆ 'ಸಾಫ್ಫಾತ್' ಎಂಬ ನಾಮರೂಪವಿದೆ. ಮಡಚುವುದಕ್ಕೆ ಮಾತ್ರ 'ಯಕ್‌ಬಿದ್ನ' ಎಂಬ ಕ್ರಿಯಾಪದ ಬಂದಿದೆ. ಎರಡಕ್ಕೂ ಒಂದೇ ರೂಪ ಏಕಿಲ್ಲ? ಹನ್ನೆರಡನೆಯ ಶತಮಾನದ ವ್ಯಾಖ್ಯಾನಕಾರ ಝಮಖ್ಶರೀ ಇದಕ್ಕೆ ಕೊಡುವ ವಿವರಣೆಯನ್ನು ನಮ್ಮ ಆಪಾ ಹಲಗೆಯ ಮೇಲೆ ಬರೆದು ಬಿಡಿಸಿದ್ದರು. ಹಾರಾಟದಲ್ಲಿ ಹರಡುವುದೇ ಮೂಲಸ್ಥಿತಿ, ನೀರಿನಲ್ಲಿ ಈಜುವವನು ಕೈಕಾಲು ಚಾಚಿದಂತೆ. ಮಡಚುವುದು ಆಗಾಗ ಬೇಕಾದಾಗ ಬರುವ ಕೆಲಸ. ಆದ್ದರಿಂದ ಸ್ಥಿರವಾದದ್ದಕ್ಕೆ ನಾಮಪದ, ಬಂದು ಹೋಗುವುದಕ್ಕೆ ಕ್ರಿಯಾಪದ. ಪರೀಕ್ಷೆಗೆಂದು ಅದನ್ನು ಬಾಯಿಪಾಠ ಮಾಡಿ ಅಂಕ ಪಡೆದಿದ್ದೆ. ಆದರೆ ಒಮ್ಮೆಯಾದರೂ ಹೊರಗೆ ಹೋಗಿ ಮೇಲೆ ನೋಡಿದ್ದೆನೇ? ಇಲ್ಲ.

ಮಳೆಗಾಲ ಕಳೆದು ಆಕಾಶ ತಿಳಿಯಾದ ಮೇಲೆ ಹುಡುಗನನ್ನು ಕರೆದುಕೊಂಡು ಲಾಲ್‌ಬಾಗ್‌ಗೆ ಹೊರಟೆ. ಈಗ ನಮ್ಮ ಕಡೆಯವರಿಗೆ ಇದು ಸುಲಭ. ಕೆ.ಆರ್. ಮಾರ್ಕೆಟ್‌ನಲ್ಲಿ ಮೆಟ್ರೊ ಹತ್ತಿದರೆ ಎರಡನೆಯ ನಿಲ್ದಾಣವೇ ಲಾಲ್‌ಬಾಗ್. ಮಾರ್ಕೆಟ್‌ನಲ್ಲಿ ನೆಲದೊಳಗಿದ್ದ ರೈಲು ನ್ಯಾಷನಲ್ ಕಾಲೇಜು ಬರುವಷ್ಟರಲ್ಲಿ ಮೇಲೆದ್ದು ಬೆಳಕಿಗೆ ಬರುತ್ತದೆ. ಹುಡುಗನಿಗೆ ಅದೇ ಒಂದು ಹಾರಾಟ. ಬರುವಾಗ ನಡೆದೇ ಬಂದೆವು, ಗಾಂಧಿ ಬಜಾರಿನ ಹೂವಿನ ಅಂಗಡಿಗಳನ್ನು ದಾಟಿ, ಬಸವನಗುಡಿಯ ಮರಗಳ ನೆರಳಲ್ಲಿ. 1898ರ ಪ್ಲೇಗ್ ಹೊತ್ತಿನಲ್ಲಿ ಇಕ್ಕಟ್ಟಾದ ಪೇಟೆಯ ಜನಕ್ಕೆ ಗಾಳಿ ಬೆಳಕು ಬೇಕೆಂದು ಬಸವನಗುಡಿ, ಮಲ್ಲೇಶ್ವರಗಳನ್ನು ಕಟ್ಟಿದರು. ನಮ್ಮ ಚಾಮರಾಜಪೇಟೆ ಅದಕ್ಕಿಂತ ಆರು ವರ್ಷ ಹಿರಿದು, 1892ರದ್ದು. ಆ ಹೆಮ್ಮೆಯನ್ನು ನಮ್ಮ ಹಿರಿಯರು ಬಿಟ್ಟುಕೊಡುತ್ತಿರಲಿಲ್ಲ!

ಲಾಲ್‌ಬಾಗನ್ನು 1760ರಲ್ಲಿ ಹೈದರ್ ಅಲಿ ಆರಂಭಿಸಿದ್ದು, ಟಿಪ್ಪು ಸುಲ್ತಾನ್ ದೂರದೇಶಗಳಿಂದ ಗಿಡ ತರಿಸಿ ಬೆಳೆಸಿದ್ದು ನಿಮಗೆ ಗೊತ್ತಿರುವುದೇ. ಜನ ಗಾಜಿನ ಮನೆ ನೋಡಿ, ಐಸ್‌ಕ್ರೀಮ್ ತಿಂದು ಹೋಗುತ್ತಾರೆ. ನಾವು ಸೀದಾ ಬಂಡೆಗೆ ನಡೆದೆವು. ಕೆಂಪೇಗೌಡರ ಗೋಪುರ ಹೊತ್ತ ಈ ಬೋಳು ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿ ಫಲಕವನ್ನೂ ಹಾಕಿದ್ದಾರೆ. ಬೆಳಿಗ್ಗೆ ಹನ್ನೊಂದರ ಹೊತ್ತು. ಚಪ್ಪಲಿಯೊಳಗೂ ಕಾವು ತಟ್ಟುತ್ತಿತ್ತು. ಮೇಲೆ ಏಳು ಹದ್ದುಗಳು ಒಂದರ ಮೇಲೊಂದು ಸುತ್ತುತ್ತಿದ್ದವು. ಒಂದೂ ರೆಕ್ಕೆ ಬಡಿಯುತ್ತಿರಲಿಲ್ಲ.

ಗೋಪುರದ ನೆರಳಿನಲ್ಲಿ ಬಿಳಿ ಟೋಪಿ ಹಾಕಿದ ಒಬ್ಬ ಹಿರಿಯರು ಕುಳಿತಿದ್ದರು. ಹುಡುಗ ಎಣಿಸುವುದನ್ನು ಕೇಳಿ, "ಎಂಟು ಮರಿ, ಇನ್ನೊಂದು ಮೋಡದ ಹತ್ತಿರ ಇದೆ ನೋಡು" ಎಂದರು. ಬಸವನಗುಡಿಯವರು, ಎಪ್ಪತ್ತು ದಾಟಿದವರು. ಮಾತಿಗೆ ಮಾತು ಬೆಳೆದು ತಿಳಿದದ್ದೇನೆಂದರೆ, ಅವರು ಮೂವತ್ತರ ಹರೆಯದಲ್ಲಿ ಹ್ಯಾಂಗ್ ಗ್ಲೈಡರ್ ಹಾರಿಸುತ್ತಿದ್ದವರು. ಅಂದರೆ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಬಿಗಿದ ತ್ರಿಕೋನದ ರೆಕ್ಕೆ. ಅದರ ಕೆಳಗೆ ಜೋಳಿಗೆಯಂಥ ಪಟ್ಟಿಯಲ್ಲಿ ಮನುಷ್ಯ ಬೋರಲಾಗಿ ತೂಗಿಕೊಂಡು, ಎದುರಿನ ಸರಳನ್ನು ಹಿಡಿದು ಹಾರುತ್ತಾನೆ. ಇಂಜಿನ್ ಇಲ್ಲ, ಪೆಟ್ರೋಲ್ ಇಲ್ಲ. ಸುಮಾರು 30 ಕಿಲೋ ಭಾರದ ರೆಕ್ಕೆಯನ್ನು ಹೆಗಲ ಮೇಲೆ ಹೊತ್ತು ಗುಡ್ಡದ ಅಂಚಿನಿಂದ ಗಾಳಿಗೆದುರಾಗಿ ಓಡಿದರೆ ಕಾಲು ನೆಲ ಬಿಡುತ್ತದೆ.

"ಬೆಂಗಳೂರಲ್ಲೇ ಮಾಡುತ್ತಿದ್ದರಮ್ಮಾ ಇದನ್ನು" ಎಂದರು ಅವರು. ಅದು ನಿಜ. 1980ರ ಸುಮಾರಿಗೆ ಜೋಯೆಲ್ ಕೋಕ್ಲಿನ್ ಎಂಬ ಫ್ರೆಂಚ್ ವ್ಯಕ್ತಿ ಸ್ಥಾಪಿಸಿದ 'ರಾಜ್‌ಹಂಸ' ಎಂಬ ಬೆಂಗಳೂರಿನ ಕಂಪನಿ ಮೊದಲು ತಯಾರಿಸಿದ್ದು ಹ್ಯಾಂಗ್ ಗ್ಲೈಡರ್‌ಗಳನ್ನೇ. ಇಂಜಿನ್ ಇರುವ ಹಗುರ ವಿಮಾನಗಳಿಗೆ ಕೈ ಹಾಕಿದ್ದು ಆಮೇಲೆ. ವಿಮಾನದ ಊರೆಂಬ ಬೆಂಗಳೂರಿನ ಹೆಸರಿನ ಹಿಂದೆ ನಮ್ಮವರ ಪಾಲೂ ಇದೆಯೆಂಬುದನ್ನು ಇಲ್ಲಿ ನೆನಪಿಸದಿರಲಾರೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಇಲ್ಲಿ ಆರಂಭಿಸಿದಾಗ ಅದಕ್ಕೆ ಮೈಸೂರು ಸಂಸ್ಥಾನದ ಬೆಂಬಲ ದೊರಕಿಸಿದವರು ದಿವಾನ್ ಸರ್ ಮಿರ್ಝಾ ಇಸ್ಮಾಯೀಲ್. ಆ ಕಾರ್ಖಾನೆಯ ಮೊದಮೊದಲ ಸ್ವಂತ ವಿನ್ಯಾಸಗಳಲ್ಲಿ ಒಂದು, ಡಾ. ಘಾಟಗೆಯವರು ರೂಪಿಸಿದ ಹತ್ತು ಜನರ ಗ್ಲೈಡರ್. ಅದಕ್ಕೂ ಇಂಜಿನ್ ಇರಲಿಲ್ಲ.

ಹದ್ದು ಹೇಗೆ ಮೇಲೇರುತ್ತದೆಂದು ಹುಡುಗ ಕೇಳಿದ. ಹಿರಿಯರು ಅಂಗೈಯನ್ನು ಬಂಡೆಯ ಮೇಲಿಡಲು ಹೇಳಿದರು. ಸುಡುತ್ತಿತ್ತು. ಆಮೇಲೆ ಮರದ ಕೆಳಗಿನ ಹುಲ್ಲಿನ ಮೇಲಿಡಲು ಹೇಳಿದರು. ತಂಪಾಗಿತ್ತು. ಸುತ್ತ ತೋಟ, ನಡುವೆ ಬೋಳು ಬಂಡೆ. ಬಂಡೆ ಬೇಗ ಕಾದು ತನ್ನ ಮೇಲಿನ ಗಾಳಿಯನ್ನೂ ಕಾಯಿಸುತ್ತದೆ. ಬಿಸಿಗಾಳಿ ಹಗುರ. ಹಾಲಿನ ಪಾತ್ರೆಯ ತಳದಿಂದ ಗುಳ್ಳೆ ಬಿಟ್ಟುಕೊಂಡು ಏಳುವ ಹಾಗೆ ಅದು ನೆಲ ಬಿಟ್ಟು ಮೇಲೇಳುತ್ತದೆ. ಏರುತ್ತಾ ಹೋದಂತೆ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಷ್ಟು ತಣ್ಣಗಾಗುತ್ತದೆ. ಸುತ್ತಲಿನ ಗಾಳಿಗಿಂತ ಬೆಚ್ಚಗಿರುವಷ್ಟು ಹೊತ್ತು ಏರುತ್ತದೆ. ಅದರಲ್ಲಿನ ತೇವ ತಣಿದು ಹನಿಯಾದರೆ ಮೇಲೆ ಹತ್ತಿಯ ಉಂಡೆಯಂಥ ಮೋಡ ಕಟ್ಟುತ್ತದೆ. ಹದ್ದು ಈ ಕಾಣದ ಕಂಬದೊಳಗೆ ನುಗ್ಗಿ, ಹೊರಬೀಳದಂತೆ ಸುತ್ತುತ್ತದೆ. ನಿಜ ಹೇಳಬೇಕೆಂದರೆ ಅದು ಸದಾ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತಿರುತ್ತದೆ. ಆದರೆ ಅದು ಇಳಿಯುವುದಕ್ಕಿಂತ ವೇಗವಾಗಿ ಗಾಳಿ ಏರುತ್ತಿರುತ್ತದೆ. ನಮಗೆ ಕಾಣುವುದು ಏರಿಕೆ ಮಾತ್ರ.

ಹ್ಯಾಂಗ್ ಗ್ಲೈಡರ್‌ನವರು ಮಾಡುವುದೂ ಇದನ್ನೇ. ಒಂದು ಬಿಸಿಗಾಳಿಯ ಕಂಬದಲ್ಲಿ ಸುತ್ತಿ ಎತ್ತರ ಗಳಿಸುವುದು, ಅದನ್ನು ಖರ್ಚು ಮಾಡುತ್ತಾ ಮುಂದಿನ ಕಂಬದವರೆಗೆ ಜಾರುವುದು. ಈಗಿನ ಒಳ್ಳೆಯ ರೆಕ್ಕೆ ಒಂದು ಕಿಲೋಮೀಟರ್ ಎತ್ತರ ಕಳೆದುಕೊಳ್ಳುವಷ್ಟರಲ್ಲಿ ಸುಮಾರು 15 ಕಿಲೋಮೀಟರ್ ಮುಂದೆ ಹೋಗುತ್ತದೆ. ಹೀಗೆ ಎತ್ತರ ಗಳಿಸಿ ಖರ್ಚು ಮಾಡಿ, ಗಳಿಸಿ ಖರ್ಚು ಮಾಡಿ, ಹೊರಟ ಗುಡ್ಡ ಕಣ್ಣಿಗೆ ಕಾಣದಷ್ಟು ದೂರ ಹೋಗುವುದಕ್ಕೆ ಅವರು 'ಕ್ರಾಸ್ ಕಂಟ್ರಿ' ಎನ್ನುತ್ತಾರೆ. ತಿಂಗಳ ಸಂಬಳದಲ್ಲಿ ಮನೆ ನಡೆಸುವ ನಮಗೆ ಈ ಲೆಕ್ಕ ಅರ್ಥವಾಗದೇ ಇರುತ್ತದೆಯೇ? 2012ರ ಜುಲೈ 3ರಂದು ಅಮೆರಿಕದ ಟೆಕ್ಸಾಸ್‌ನ ಝಪಾಟಾದಿಂದ ಹೊರಟ ಡಸ್ಟಿನ್ ಮಾರ್ಟಿನ್ ಎಂಬವರು ಹೀಗೆ 764 ಕಿಲೋಮೀಟರ್ ಹಾರಿ ದಾಖಲೆ ಮಾಡಿದರು. ಬೆಂಗಳೂರಿನಿಂದ ಹೈದರಾಬಾದ್‌ಗೆ ರಸ್ತೆಯಲ್ಲಿ ಹೋಗುವ ದೂರಕ್ಕಿಂತ ಅದು ಹೆಚ್ಚು! ಒಂದೇ ಹಗಲು, ಒಂದು ಹನಿ ಇಂಧನವಿಲ್ಲದೆ.

ಆದರೆ ಅದು ಬಯಲುಸೀಮೆ. ಬೆಟ್ಟಗಳ ಮೇಲಿನ ಹಾರಾಟವೇ ಬೇರೆ ಎಂದರು ಹಿರಿಯರು. ಆ ಮಾತು ಬಂದಾಗ ಅವರ ಮುಖ ಬದಲಾಯಿತು. ಅವರು ನೀಲಗಿರಿಯ ಇಳಿಜಾರುಗಳಲ್ಲಿ ಹಾರಿದವರು. ಬೆಟ್ಟದಲ್ಲಿ ಬಿಸಿಲನ್ನು ಹಿಂಬಾಲಿಸಬೇಕಂತೆ. ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಕಾಯುತ್ತದೆ, ಮಧ್ಯಾಹ್ನ ದಾಟಿದ ಮೇಲೆ ಪಶ್ಚಿಮದ್ದು. ಹಗಲಲ್ಲಿ ಗಾಳಿ ಕಣಿವೆಯಿಂದ ಬೆಟ್ಟದ ಕಡೆಗೆ ಏರುತ್ತದೆ, ಸಂಜೆ ತಣಿದು ಕೆಳಕ್ಕೆ ಹರಿಯುತ್ತದೆ. ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುವ ಬದಿಯಲ್ಲಿದ್ದರೆ ಅದು ನಿಮ್ಮನ್ನು ಎತ್ತುತ್ತದೆ. ಬೆಟ್ಟ ದಾಟಿ ಹಿಂಬದಿಗೆ ಹೋದಿರೋ, ಅಲ್ಲಿ ಗಾಳಿ ನದಿಯ ಸುಳಿಯಂತೆ ತಿರುಗುತ್ತಾ ಕೆಳಕ್ಕೆ ತಳ್ಳುತ್ತದೆ. ಒಂದೇ ಬೆಟ್ಟ, ಎರಡು ಸ್ವಭಾವ. ಅದು ಕಣ್ಣಿಗೆ ಕಾಣುವುದಿಲ್ಲ.

"ಕಾಣದ್ದನ್ನು ತೋರಿಸುವವರು ಇವರೇ ಕಣಮ್ಮಾ" ಎಂದು ಮೇಲೆ ಕೈ ತೋರಿಸಿದರು. ಏರುವಿಕೆ ಹೇಳುವ ಉಪಕರಣವೊಂದಿದೆ, ಗಾಳಿ ಎತ್ತಿದಾಗ ಪೀಂ ಪೀಂ ಎನ್ನುತ್ತದೆ. ಆದರೂ ಎಲ್ಲಾದರೂ ಹದ್ದು ಸುತ್ತುವುದು ಕಂಡರೆ ಅನುಭವಿಗಳು ಅಲ್ಲಿಗೇ ಹೋಗುತ್ತಾರೆ. ಒಮ್ಮೆ ಅವರು ಎತ್ತರ ಕಳೆದುಕೊಂಡು, ಕೆಳಗೆ ಬರೀ ಕಾಡು, ಇಳಿಯಲು ಒಂದು ಅಂಗೈಯಗಲ ಬಯಲೂ ಇಲ್ಲದೆ ಕಂಗಾಲಾಗಿದ್ದಾಗ, ಎಡಗಡೆ ಬಂಡೆಯೊಂದರ ಮೇಲೆ ಹದ್ದೊಂದು ಸುತ್ತುತ್ತಿತ್ತಂತೆ. ಅದರ ಕೆಳಗೆ ಹೋಗಿ ಸೇರಿಕೊಂಡರು. ಹತ್ತು ನಿಮಿಷ ಇಬ್ಬರೂ ಒಂದೇ ವೃತ್ತದಲ್ಲಿ ಸುತ್ತಿದರು. ಅದು ಕತ್ತು ಹೊರಳಿಸಿ ಇವರನ್ನು ನೋಡಿತಂತೆ. ಆ ದಿನ ಕಣಿವೆ ದಾಟಿ ಒಂದು ಹೊಲದಲ್ಲಿ ಇಳಿದಾಗ ಊರಿನವರೆಲ್ಲ ಓಡಿ ಬಂದು, ಒಬ್ಬಾಕೆ ಚೊಂಬಿನಲ್ಲಿ ಮಜ್ಜಿಗೆ ತಂದುಕೊಟ್ಟಳು.

"ಮನೆಯಲ್ಲಿ ಏನೆಂದರು ಸಾರ್?" ಎಂದು ನಾನು ಕೇಳಿದೆ. ನಮಗೆ ಹೊಳೆಯುವ ಪ್ರಶ್ನೆಯೇ ಅದು ತಾನೆ! ಅವರು ನಕ್ಕರು. "ಕಾಡಿನ ಮೇಲೆ ಸಿಕ್ಕಿಹಾಕಿಕೊಂಡದ್ದು ಹೇಳಲಿಲ್ಲ. ಮಜ್ಜಿಗೆ ಕುಡಿದದ್ದು ಮಾತ್ರ ಹೇಳಿದೆ. ಮಗಳು ಹುಟ್ಟಿದ ಮೇಲೆ ಅವಳೇ ಒಂದು ದಿನ, ಇನ್ನು ಸಾಕು ಅಂದಳು. ರೆಕ್ಕೆ ಮಾರಿದೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೆ ಗೊತ್ತಿತ್ತು ಅನ್ನಿಸುತ್ತೆ. ಮಜ್ಜಿಗೆ ವಿಷಯ ಹೇಳಿದಾಗ ನಗಲಿಲ್ಲ ಅವಳು" ಎಂದರು. ಆಕೆ ಈಗಿಲ್ಲ.

ಸಹೋದರಿಯರೇ, ಹಾರುವವರ ಕತೆಯಲ್ಲಿ ಮನೆಯಲ್ಲಿ ಕಾಯುವವರು ಸಾಮಾನ್ಯವಾಗಿ ಬರುವುದೇ ಇಲ್ಲ. ಆದರೆ ಹ್ಯಾಂಗ್ ಗ್ಲೈಡರ್‌ನ ಹುಟ್ಟಿನಲ್ಲೇ ಒಬ್ಬ ಗೃಹಿಣಿಯ ಸೂಜಿದಾರವಿದೆ. ಅಮೆರಿಕದ ಇಂಜಿನಿಯರ್ ಫ್ರಾನ್ಸಿಸ್ ರೊಗಾಲೊ ಮೆದುವಾದ ರೆಕ್ಕೆಯ ಕಲ್ಪನೆ ಮಾಡಿದಾಗ, ಅಡುಗೆಮನೆಯ ಪರದೆಯ ಬಟ್ಟೆಯಿಂದ ಅದನ್ನು ಹೊಲಿದುಕೊಟ್ಟವರು ಪತ್ನಿ ಗರ್ಟ್ರೂಡ್. 1948ರಲ್ಲಿ ಅರ್ಜಿ ಹಾಕಿ 1951ರಲ್ಲಿ ಪಡೆದ ಪೇಟೆಂಟಿನಲ್ಲಿ ಇಬ್ಬರ ಹೆಸರೂ ಇದೆ. ಅವರು ಆಗ ಮಾಡಿದ್ದು ಬೇರೇನೂ ಅಲ್ಲ, ಒಂದು ಗಾಳಿಪಟ! 1963ರಲ್ಲಿ ಆಸ್ಟ್ರೇಲಿಯಾದ ಜಾನ್ ಡಿಕನ್‌ಸನ್ ಅದೇ ಬಗೆಯ ರೆಕ್ಕೆಯ ಕೆಳಗೆ ತ್ರಿಕೋನದ ಸರಳು ಜೋಡಿಸಿ, ಮನುಷ್ಯ ತನ್ನ ಮೈಭಾರವನ್ನು ಆಚೀಚೆ ಸರಿಸಿ ತಿರುಗಿಸುವಂತೆ ಮಾಡಿದರು. ಅಲ್ಲಿಂದ ಅದು ಬೆಟ್ಟ ಹತ್ತಿತು.

ಅದಕ್ಕೂ ಮುಂಚಿನವರೂ ಹಕ್ಕಿಗಳಿಂದಲೇ ಕಲಿತವರು. ಜರ್ಮನಿಯ ಒಟ್ಟೊ ಲಿಲಿಯೆಂಟಾಲ್ ಕೊಕ್ಕರೆಗಳನ್ನು ವರ್ಷಗಟ್ಟಲೆ ನೋಡಿ, 1889ರಲ್ಲಿ ಪುಸ್ತಕ ಬರೆದು, 1891ರಿಂದ ತಾನೇ ರೆಕ್ಕೆ ಕಟ್ಟಿ ಹಾರಿದರು. 1896ರ ಆಗಸ್ಟ್‌ನಲ್ಲಿ ಬಿದ್ದು ಮರುದಿನ ತೀರಿಕೊಂಡರು. ಅವರಿಗಿಂತ ಸಾವಿರ ವರ್ಷ ಹಿಂದೆ ಸ್ಪೇನಿನ ಕೊರ್ಡೋವಾದಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್ ಇದ್ದರು. ಕವಿ, ಗಾಜು ಮಾಡುವ ಕುಶಲಿ, ನಕ್ಷತ್ರಗಳನ್ನು ಬಲ್ಲವರು. 887ರಲ್ಲಿ ತೀರಿಕೊಂಡರು. ಮೈಗೆ ಗರಿ ಕಟ್ಟಿ, ರೆಕ್ಕೆ ಹೊತ್ತು ಎತ್ತರದಿಂದ ಹಾರಿ ಸ್ವಲ್ಪ ದೂರ ತೇಲಿದರೆಂದೂ ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತೆಂದೂ ಹದಿನೇಳನೆಯ ಶತಮಾನದ ಇತಿಹಾಸಕಾರ ಅಲ್‌ಮಕ್ಕರೀ ಬರೆದಿದ್ದಾರೆ. ನಮ್ಮ ಭಾಷಣಗಳಲ್ಲಿ ಇಬ್ನ್ ಫಿರ್ನಾಸ್‌ರನ್ನು ವಿಮಾನ ಕಂಡುಹಿಡಿದವರೆಂದೇ ಹೇಳಿಬಿಡುತ್ತಾರೆ. ಅಷ್ಟು ಹಿಗ್ಗಿಸುವುದು ನನಗೆ ಸರಿಕಾಣುವುದಿಲ್ಲ. ಘಟನೆ ನಡೆದು ಏಳುನೂರು ವರ್ಷಗಳ ಮೇಲೆ ಬರೆದ ಸಾಲುಗಳವು, ಅವರು ಹಳೆಯ ಬರಹಗಳನ್ನು ಆಧರಿಸಿದ್ದರೂ ಸಹ. ಅವರು ಧೈರ್ಯ ಮಾಡಿದರು, ಬಿದ್ದರು. ಬಿದ್ದದ್ದೇಕೆಂದು ಆ ಬರಹ ಹೇಳುತ್ತದೆ: ಹಕ್ಕಿ ಇಳಿಯುವುದು ಬಾಲದ ಸಹಾಯದಿಂದ, ಅವರು ಬಾಲ ಮಾಡಿಕೊಂಡಿರಲಿಲ್ಲ. ನನಗೆ ಆ ಹೊಗಳಿಕೆಗಳಿಗಿಂತ ಈ ಒಂದು ತಪ್ಪಿನ ಲೆಕ್ಕವೇ ಹೆಚ್ಚು ಇಷ್ಟ.

ಇದನ್ನು ಬಂಡೆಯ ಮೇಲೆ ಹೇಳಿದಾಗ ಹುಡುಗ ಬಿದ್ದು ಬಿದ್ದು ನಕ್ಕ. "ಬಾಲಂಗೋಚಿ ಕಟ್ಟಲು ಮರೆತರಾ?" ಎಂದ. ಮರುಕ್ಷಣವೇ, "ತಾತ, ನಿಮ್ಮ ಗ್ಲೈಡರಿಗೆ ಬಾಲ ಇತ್ತಾ?" ಎಂದು ಕೇಳಿದ. ಹಿರಿಯರು ಬೆರಗಾಗಿ ನನ್ನ ಕಡೆ ನೋಡಿದರು. ಇರಲಿಲ್ಲವಂತೆ. ರೆಕ್ಕೆಯ ತುದಿಗಳು ಹಿಂದಕ್ಕೆ ಬಾಗಿ, ಕೊಂಚ ತಿರುಚಿಕೊಂಡಿರುತ್ತವೆ. ಆ ತುದಿಗಳೇ ಬಾಲದ ಕೆಲಸ ಮಾಡುತ್ತವೆ. ಹದ್ದಿಗಾದರೋ ಕವಲೊಡೆದ ಬಾಲವಿದೆ, ಅದನ್ನು ದೋಣಿಯ ಚುಕ್ಕಾಣಿಯಂತೆ ಸದಾ ತಿರುಗಿಸುತ್ತಿರುತ್ತದೆ. ನೀವೂ ಗಮನಿಸಿ ನೋಡಿ, ನೆಲದಿಂದಲೇ ಕಾಣುತ್ತದೆ.

ಹಿಮಾಲಯದ ಮಾತೂ ಬಂತು. ಹಿಮಾಚಲದ ಬೀರ್ ಊರಿನ ಮೇಲಿರುವ ಬಿಲ್ಲಿಂಗ್ ಎಂಬ ಹುಲ್ಲುಗಾವಲು ಸುಮಾರು 2,400 ಮೀಟರ್ ಎತ್ತರದಲ್ಲಿದೆ. 1980ರ ದಶಕದಲ್ಲೇ ಅಲ್ಲಿ ಹ್ಯಾಂಗ್ ಗ್ಲೈಡರ್‌ಗಳು ಹಾರಿದ್ದವು. ಈಗ ಹೆಚ್ಚಾಗಿ ಚೌಕಟ್ಟಿಲ್ಲದ, ಬರೀ ಬಟ್ಟೆಯ ಪ್ಯಾರಾಗ್ಲೈಡರ್‌ಗಳು. 2015ರಲ್ಲಿ ವಿಶ್ವಕಪ್ ಸ್ಪರ್ಧೆಯೂ ನಡೆಯಿತು. ಧೌಲಾಧಾರ್ ಬೆಟ್ಟಸಾಲಿನ ಬಿಸಿಲು ಬೀಳುವ ಬದಿಯನ್ನೇ ಹಿಡಿದು ಧರ್ಮಶಾಲೆಯ ಕಡೆಗೆ ಹೋಗುತ್ತಾರೆ. ಪ್ರವಾಸಕ್ಕೆ ಹೋದ ನಮ್ಮ ಮಕ್ಕಳು ಅಲ್ಲಿ ಹಣ ಕೊಟ್ಟು ಹತ್ತು ನಿಮಿಷ ಹಾರಿ ಫೋಟೊ ಕಳಿಸುತ್ತಾರೆ. ಜೀವ ಹೋದ ಅಪಘಾತಗಳೂ ಅಲ್ಲಿ ಆಗಿವೆ. ಹಾರಿಸುವವನಿಗೆ ಪರವಾನಗಿ ಇದೆಯೇ, ಮೀಸಲು ಪ್ಯಾರಾಚೂಟ್ ಇದೆಯೇ, ಮಧ್ಯಾಹ್ನದ ಗಾಳಿ ಜೋರಾದರೂ ಹಾರಿಸುತ್ತಾನೆಯೇ ಎಂದು ಕೇಳಲು ಮಕ್ಕಳಿಗೆ ಹೇಳಿ. ಬೇಡವೆಂದರೆ ಅವರು ಕೇಳುವುದಿಲ್ಲ, ಹೀಗೆಂದರೆ ಕೇಳಿಯಾರು.

ಮನುಷ್ಯರ ಈ ದಾಖಲೆಗಳನ್ನೆಲ್ಲ ಸಣ್ಣದಾಗಿಸುವ ಸುದ್ದಿಯೊಂದನ್ನು ನಾನು ಆಮೇಲೆ ಓದಿದೆ. ದೆಹಲಿಯಲ್ಲಿ ಚಳಿಗಾಲ ಕಳೆಯುವ ಹದ್ದುಗಳಿಗೆ ವಿಜ್ಞಾನಿಗಳು ಪುಟ್ಟ ಉಪಕರಣ ಕಟ್ಟಿ ಹಿಂಬಾಲಿಸಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 19 ಹಕ್ಕಿಗಳಿದ್ದವು. ಅವು ಬೇಸಿಗೆಗೆ ಮುನ್ನ ಹೊರಟು, ಕೆ-2 ಶಿಖರವಿರುವ ಕಾರಕೋರಂ ಬೆಟ್ಟಗಳನ್ನು ದಾಟಿ, ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ಹಾರಿ ಮಧ್ಯ ಏಷ್ಯಾ, ಸೈಬೀರಿಯಾಗಳಿಗೆ ಹೋಗಿ ಮರಿ ಮಾಡುತ್ತವೆ. ದೆಹಲಿಯ ಕಸದ ರಾಶಿಯ ಮೇಲೆ ಸುತ್ತುವ ಹದ್ದು ಹಿಮಾಲಯ ದಾಟಿ ಬಂದಿರಬಹುದೆಂದು ಯಾರು ತಾನೆ ಊಹಿಸಿಯಾರು? ನಮ್ಮ ಬೆಂಗಳೂರಿನವು ಹೆಚ್ಚಾಗಿ ಇಲ್ಲೇ ಗೂಡು ಕಟ್ಟುವಂಥವು. ಮೊಬೈಲ್ ಗೋಪುರದ ಮೇಲೂ ಕಟ್ಟುತ್ತವೆ.

ಅದೇ ದೆಹಲಿಯಲ್ಲಿ ನದೀಮ್ ಶೆಹಝಾದ್ ಮತ್ತು ಮುಹಮ್ಮದ್ ಸಊದ್ ಎಂಬ ಸಹೋದರರು ಮಾಂಜಾದಿಂದ ಗಾಯಗೊಂಡ ಹದ್ದುಗಳಿಗೆ ವರ್ಷಗಳಿಂದ ಚಿಕಿತ್ಸೆ ನೀಡುತ್ತಿದ್ದಾರೆ. ಅವರ ಮೇಲೆ ಶೌನಕ್ ಸೇನ್ ಮಾಡಿದ 'ಆಲ್ ದಟ್ ಬ್ರೀತ್ಸ್' ಸಾಕ್ಷ್ಯಚಿತ್ರ 2022ರಲ್ಲಿ ಕಾನ್ ಉತ್ಸವದಲ್ಲಿ ಪ್ರಶಸ್ತಿ ಪಡೆದು, 2023ರಲ್ಲಿ ಆಸ್ಕರ್ ಕಣಕ್ಕೂ ಹೋಯಿತು. ಹಳೇ ದೆಹಲಿಯ ಕಡೆ ಹದ್ದುಗಳಿಗೆ ಮಾಂಸದ ತುಂಡು ಎಸೆದರೆ ಸವಾಬ್ ಎಂಬ ನಂಬಿಕೆಯಿದೆ. ಇದಕ್ಕೆ ಕಿತಾಬುಗಳಲ್ಲಿ ಆಧಾರ ಹುಡುಕಬೇಡಿ, ಅದು ಜನರ ರೂಢಿ. ಆದರೆ ಒಂದು ಕೈಯಿಂದ ಮಾಂಸ ಎಸೆದು ಇನ್ನೊಂದು ಕೈಯಿಂದ ಮಾಂಜಾಕ್ಕೆ ಹಣ ಕೊಡುವ ನನ್ನಂಥವರು ಅಲ್ಲೂ ಇರಬೇಕು.

ಲಾಲ್‌ಬಾಗ್‌ಗೆ ಹೋಗುವುದಾದರೆ ಬೆಳಗಿನ ತಂಪಿನಲ್ಲಿ ಹೋಗಬೇಡಿ, ಆಗ ಹದ್ದುಗಳೂ ಮರದ ಮೇಲೆ ಸುಮ್ಮನೆ ಕುಳಿತಿರುತ್ತವೆ. ಹತ್ತೂವರೆಯ ನಂತರ, ಬಂಡೆ ಕಾದ ಮೇಲೆ ಹೋಗಿ. ಕೊಡೆ, ನೀರು ಇರಲಿ. ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಮಕ್ಕಳಿಗೆ ಬಂಡೆ ಮುಟ್ಟಿಸಿ, ಹುಲ್ಲು ಮುಟ್ಟಿಸಿ, ಆಮೇಲೆ ಮೇಲೆ ನೋಡಲು ಹೇಳಿ.

ನಮ್ಮ ಹದ್ದಿನ ವಿಷಯ ಕೇಳುತ್ತೀರಲ್ಲವೇ? ಆರು ತಿಂಗಳಾದ ಮೇಲೆ ನಾವಿಬ್ಬರೂ ಮತ್ತೆ ಅಲ್ಲಿಗೆ ಹೋದೆವು. ಹಕ್ಕಿಗಳಿಗೆ ಮನುಷ್ಯರ ಬಳಕೆಯಾಗಬಾರದೆಂದು ಹತ್ತಿರ ಬಿಡಲಿಲ್ಲ. ನೋಡಿಕೊಳ್ಳುವ ಯುವಕ ಹೊರಗೆ ಬಂದು, ದೊಡ್ಡ ಪಂಜರದಲ್ಲಿ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹಾರುತ್ತಿದೆ, ಎಡಕ್ಕೆ ತಿರುಗುವಾಗ ಮಾತ್ರ ತಪ್ಪುತ್ತದೆ ಎಂದ. ಹೊರಗೆ ಬಿಡುವ ಮಾತನ್ನು ಅವನು ಆಡಲಿಲ್ಲ, ನಾನೂ ಕೇಳಲಿಲ್ಲ. ಹುಡುಗ ಮಾತ್ರ, "ಎಷ್ಟು ದೂರ ಹಾರುತ್ತದೆ?" ಎಂದು ಕೇಳಿದ. ಹತ್ತು ಅಡಿ ಎಂದ ಯುವಕ.

ಈ ಸಲ ಆಷಾಢಕ್ಕೆ ಹುಡುಗ ಅಂಗಡಿಗೆ ಹೋಗಲಿಲ್ಲ. ನನ್ನ ಹೊಲಿಗೆ ಪೆಟ್ಟಿಗೆಯಿಂದ ಹತ್ತಿ ದಾರದ ಉಂಡೆ ತೆಗೆದುಕೊಂಡ. ಹಳೆಯ ದುಪಟ್ಟಾ ಹರಿದು ಗಾಳಿಪಟಕ್ಕೆ ಮಾರುದ್ದದ ಬಾಲಂಗೋಚಿ ಕಟ್ಟಿದ. ಪಕ್ಕದ ಬೀದಿಯ ಹುಡುಗರು ಮೊದಲ ದಿನವೇ ಅದನ್ನು ಕತ್ತರಿಸಿ ಹಾಕಿದರು. ಅವನು ಅಳುತ್ತಾ ಕೆಳಗೆ ಬರಲಿಲ್ಲ. ಹೋಗಿ ನೋಡಿದರೆ ತಾರಸಿಯ ಮೇಲೆ ಅಂಗಾತ ಮಲಗಿ, ಬೆರಳು ಮಡಚುತ್ತಾ ಎಣಿಸುತ್ತಿದ್ದ. "ಫುಪ್ಪು, ಬಾ. ಒಂಬತ್ತು ಇವೆ" ಎಂದ. ಬಟ್ಟೆಯ ಬುಟ್ಟಿಯನ್ನು ಬದಿಗಿಟ್ಟು ನಾನೂ ಹೋಗಿ ಕುಳಿತೆ.